ಮಾಲ್ಗುಡಿ ಡೇಸ್: ಕೌಟುಂಬಿಕ ಸಂಘರ್ಷ ಮತ್ತು ದೃಶ್ಯ ನಿರೂಪಣೆ

ಮಾಲ್ಗುಡಿ ಡೇಸ್ 1980ರ ದಶಕದ ಉತ್ತರಾರ್ಧದಲ್ಲಿ ದೂರದರ್ಶನದಲ್ಲಿ ಪ್ರಸಾರವಾದ ಧಾರಾವಾಹಿ. ಆರ್. ಕೆ. ನಾರಾಯಣ್ ಅವರ ಇಂಗ್ಲಿಷ್ ಕಥೆ ಮತ್ತು ಕಾದಂಬರಿಗಳನ್ನು ಆಧರಿಸಿದ ಇದನ್ನು ಶಂಕರ್ ನಾಗ್ ನಿರ್ದೇಶಿಸಿದರು. ಅರ್ಧ ಗಂಟೆಗೂ ಕಡಿಮೆ ಅವಧಿಯ ಕಂತುಗಳಲ್ಲಿ ಮಧ್ಯಮವರ್ಗದ ಮನೆಯೊಳಗಿನ ಸಣ್ಣ ಮನಸ್ತಾಪಗಳನ್ನು ಚಿತ್ರಿಸಿದ್ದು ಇದರ ಪ್ರಮುಖ ಲಕ್ಷಣ.

ಸಂಘರ್ಷದ ಸ್ವರೂಪ

ಈ ಕಥೆಗಳ ಕುಟುಂಬಗಳಲ್ಲಿ ಸಾಮಾನ್ಯವಾಗಿ ಖಳರಿಲ್ಲ. ಪ್ರೀತಿ ಮತ್ತು ಅಧಿಕಾರ ಒಬ್ಬರಲ್ಲೇ ಸೇರಿರುವುದು ಸಂಘರ್ಷದ ಮೂಲವಾಗಿದೆ. ‘ಎ ಹೀರೋ’ ಕಥೆಯಲ್ಲಿ ಅಜ್ಜಿಯ ಪಕ್ಕದಲ್ಲಿ ಮಲಗುವ ಬಾಲಕ ಸ್ವಾಮಿಗೆ ಧೈರ್ಯ ಕಲಿಸಲು ತಂದೆ ಅವನನ್ನು ಕಚೇರಿ ಕೋಣೆಯಲ್ಲಿ ಒಂಟಿಯಾಗಿ ಮಲಗಿಸುತ್ತಾರೆ. ಭಯದಿಂದ ಬೆಂಚಿನ ಕೆಳಗೆ ಅಡಗಿದ ಸ್ವಾಮಿ ಒಳನುಗ್ಗಿದ ಕಳ್ಳನ ಕಾಲನ್ನು ಕಚ್ಚಿ ವೀರನೆನಿಸಿಕೊಳ್ಳುತ್ತಾನೆ. ಆದರೂ ಮರುದಿನ ಅಜ್ಜಿಯ ಪಕ್ಕಕ್ಕೇ ಮರಳುತ್ತಾನೆ. ಧಾರಾವಾಹಿಯಲ್ಲಿ ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ತಂದೆಯಾಗಿ ಗಿರೀಶ್ ಕಾರ್ನಾಡ್ ಅಭಿನಯಿಸಿದ್ದಾರೆ.

1967ರ ‘ದಿ ವೆಂಡರ್ ಆಫ್ ಸ್ವೀಟ್ಸ್’ ಕಾದಂಬರಿಯ ರೂಪಾಂತರದಲ್ಲಿ ಸಂಘರ್ಷ ತೀವ್ರವಾಗುತ್ತದೆ. ಗಾಂಧೀವಾದಿ ಮಿಠಾಯಿ ವ್ಯಾಪಾರಿ ಜಗನ್ ವಿಧುರ. ಅವನ ಮಗ ಮಾಲಿ ಅಮೆರಿಕದಿಂದ ಹಿಂದಿರುಗಿ ಕಥೆ ಬರೆಯುವ ಯಂತ್ರದ ಉದ್ಯಮಕ್ಕೆ ತಂದೆಯ ಹಣವನ್ನು ಬಯಸುತ್ತಾನೆ. ಮಗನನ್ನು ನೇರವಾಗಿ ಪ್ರಶ್ನಿಸಲಾರದ ಜಗನ್, ಅವನ ಮನಸ್ಸನ್ನು ತಿಳಿಯಲು ಬಂಧುವೊಬ್ಬನನ್ನು ಅವಲಂಬಿಸುತ್ತಾನೆ. ಜಗನ್ ಪಾತ್ರವನ್ನು ಅನಂತ್ ನಾಗ್ ನಿರ್ವಹಿಸಿದ್ದಾರೆ.

ದೃಶ್ಯ ನಿರೂಪಣೆ

ಕಥೆಗಾರ ಮನಸ್ಸಿನೊಳಗಿನ ತಳಮಳವನ್ನು ವಾಕ್ಯಗಳಲ್ಲಿ ಹೇಳಬಲ್ಲ. ಕಿರುತೆರೆ ಅದನ್ನು ಮುಖ, ವಸ್ತು ಮತ್ತು ಸ್ಥಳಗಳ ಮೂಲಕ ತೋರಿಸಬೇಕಾಗುತ್ತದೆ. ನಾರಾಯಣರ ಕಥೆಗಳಲ್ಲಿ ಇದಕ್ಕೆ ಒದಗುವ ಚಿತ್ರಗಳು ಹೇರಳವಾಗಿವೆ. ‘ಫಾರ್ಟಿ-ಫೈವ್ ಎ ಮಂತ್’ ಕಥೆಯ ಗುಮಾಸ್ತ ವೆಂಕಟರಾವ್ ಮಗಳು ಶಾಂತಾಳನ್ನು ಸಿನಿಮಾಗೆ ಕರೆದೊಯ್ಯುವುದಾಗಿ ಮಾತುಕೊಟ್ಟಿರುತ್ತಾನೆ. ಕೆಲಸದಿಂದ ಬಿಡುವು ಸಿಗದೆ ಬೇಸತ್ತು ರಾಜೀನಾಮೆ ಬರೆದರೂ, ಐದು ರೂಪಾಯಿ ಬಡ್ತಿಯ ಸುದ್ದಿ ಕೇಳಿ ಪತ್ರವನ್ನು ಹಿಂಪಡೆಯುತ್ತಾನೆ. ಮನೆ ಸೇರುವಾಗ ಮಗಳು ಹೊರಡಲು ಸಿದ್ಧಳಾದ ಉಡುಪಿನಲ್ಲೇ ನಿದ್ರಿಸಿರುತ್ತಾಳೆ. ಹಿಂಪಡೆದ ಪತ್ರ ಮತ್ತು ನಿದ್ರಿಸಿದ ಮಗು, ಈ ಎರಡು ಚಿತ್ರಗಳಲ್ಲೇ ಜೀವನೋಪಾಯಕ್ಕಾಗಿ ತಂದೆ ತೆತ್ತ ಬೆಲೆ ವ್ಯಕ್ತವಾಗುತ್ತದೆ.

ಶಿವಮೊಗ್ಗ ಜಿಲ್ಲೆಯ ಆಗುಂಬೆಯಲ್ಲಿ ಪ್ರಮುಖವಾಗಿ ಚಿತ್ರೀಕರಣ ನಡೆಯಿತು. ಅಲ್ಲಿನ ಹಳೆಯ ‘ದೊಡ್ಡಮನೆ’ ಸ್ವಾಮಿಯ ಮನೆಯಾಗಿ ಕಾಣಿಸಿಕೊಂಡಿದೆ. ನಾರಾಯಣರ ಸಹೋದರ ಆರ್. ಕೆ. ಲಕ್ಷ್ಮಣ್ ಅವರ ರೇಖಾಚಿತ್ರಗಳು ಹಾಗೂ ಎಲ್. ವೈದ್ಯನಾಥನ್ ಅವರ ಸಂಗೀತ ಕಥೆಗಳಿಗೆ ಪೂರಕವಾಗಿವೆ.

ಮಹತ್ವ

ಈ ಕಥೆಗಳಲ್ಲಿ ಮನಸ್ತಾಪಗಳು ಪೂರ್ಣವಾಗಿ ಪರಿಹಾರವಾಗುವುದು ವಿರಳ. ಸ್ವಾಮಿ ತಂದೆ ಬಯಸಿದ ಧೀರನಾಗುವುದಿಲ್ಲ. ಶಾಂತಾಳಿಗೆ ಕೊಟ್ಟ ಮಾತು ಈಡೇರುವುದಿಲ್ಲ. ಯಾರನ್ನೂ ತಪ್ಪಿತಸ್ಥರೆಂದು ನಿರ್ಣಯಿಸದೆ, ಎರಡೂ ಕಡೆಯ ನೋವನ್ನು ವೀಕ್ಷಕರ ಮುಂದಿಡುವುದು ಈ ಧಾರಾವಾಹಿಯ ವೈಶಿಷ್ಟ್ಯವಾಗಿದೆ. 2006ರಲ್ಲಿ ಕವಿತಾ ಲಂಕೇಶ್ ಅವರ ನಿರ್ದೇಶನದಲ್ಲಿ ಇದರ ಹೊಸ ಕಂತುಗಳು ಪ್ರಸಾರವಾದವು.