ಹೂಮಳೆಯ ಮುನ್ನೋಟ: ಮಲೆನಾಡಿನ ವಸಂತಾರಂಭದ ಮಳೆಯನ್ನು ಅಳೆಯುವ ಬಗೆ

ಪ್ರತಿವರ್ಷ ಫೆಬ್ರವರಿ ಮುಗಿಯುವ ಹೊತ್ತಿಗೆ ಭಾರತೀಯ ಹವಾಮಾನ ಇಲಾಖೆ ಮಾರ್ಚ್‌ನಿಂದ ಮೇ ತನಕದ ಮುನ್ನೋಟವನ್ನು ಪ್ರಕಟಿಸುತ್ತದೆ. ಮಳೆಯ ಮಟ್ಟಿಗೆ ಅದು ಹೇಳುವುದು ಒಟ್ಟು ಮೊತ್ತ ವಾಡಿಕೆಯಷ್ಟಿರುವ, ಅದಕ್ಕಿಂತ ಹೆಚ್ಚುವ, ಇಲ್ಲವೆ ಕಡಿಮೆಯಾಗುವ ಸಂಭವ ಎಷ್ಟೆಂಬುದನ್ನು. ಅದೇ ಹೊತ್ತಿಗೆ ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ಬೆಳೆಗಾರರು ಕೇಳುವ ಪ್ರಶ್ನೆಗಳು ಬೇರೆ. ಮೊಗ್ಗನ್ನು ಅರಳಿಸುವ ಹೂಮಳೆ ಯಾವ ವಾರ ಬಂದೀತು? ಬಂದರೆ ಒಂದೇ ಸಲಕ್ಕೆ ಇಂಚು ತುಂಬೀತೇ? ಆಮೇಲೆ ಕಾಯಿಕಟ್ಟಲು ಬೇಕಾದ ಬ್ಯಾಕಿಂಗ್ ಮಳೆ ಕೈಕೊಟ್ಟರೆ ಗತಿಯೇನು? ಈ ಲೇಖನದ ವಾದ ಇಷ್ಟು: ಮಲೆನಾಡಿನ ಮಟ್ಟಿಗೆ ವಸಂತಾರಂಭದ ಮಳೆಯ ಮೊತ್ತ ಎರಡನೆಯ ಮಾತು. ಮೊದಲ ಹದಮಳೆ ಬೀಳುವ ದಿನ, ಅಂದಿನ ಪ್ರಮಾಣ, ಮುಂದಿನ ಮಳೆಗಿರುವ ಅಂತರ, ಈ ಮೂರೂ ಕೂಡಿದ ಸರದಿಯೇ ಮೊದಲ ಮಾತು. ಮುನ್ನೋಟವೂ ಆ ಸರದಿಯನ್ನೇ ಹೇಳಬೇಕು.

ಮೊಗ್ಗಿನ ಲೆಕ್ಕ

ಕಾಫಿಯ ಹೂಮೊಗ್ಗು ಮಳೆಗಾಲ ಹಿಂದೆಗೆದು ಹಗಲು ಕುಗ್ಗುವ ಸೆಪ್ಟೆಂಬರ್–ನವೆಂಬರ್ ಅವಧಿಯಲ್ಲಿ ಎಲೆಯ ಕಂಕುಳಲ್ಲಿ ಮೂಡುತ್ತದೆ. ಕೆಲವೇ ಮಿಲಿಮೀಟರ್ ಬೆಳೆದು, ಅಂಟಿನ ಪೊರೆಯೊಳಗೆ ಹಸಿರಾಗಿಯೇ ಉಳಿದು, ಅಲ್ಲಿಗೆ ನಿಂತುಬಿಡುತ್ತದೆ. ಡಿಸೆಂಬರ್, ಜನವರಿಯ ಒಣಹವೆ ಅದಕ್ಕೆ ಕೇಡಲ್ಲ, ಅಗತ್ಯ. 1960ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಪಾಲೊ ಆಲ್ವಿಮ್ ಅವರ ಪ್ರಬಂಧ ಇದನ್ನು ಸ್ಪಷ್ಟಪಡಿಸಿತು. ಬಿಡದೆ ನೀರುಣಿಸಿದ ಗಿಡಗಳಲ್ಲಿ ಮೊಗ್ಗು ನಿದ್ರೆಯಲ್ಲೇ ಉಳಿಯಿತು. ಒಣಗಲು ಬಿಟ್ಟು ಬಳಿಕ ನೀರು ಕೊಟ್ಟ ಗಿಡಗಳು ಹೂಬಿಟ್ಟವು.

ಹೀಗೆ ಬಾಯಾರಿದ ಗಿಡಕ್ಕೆ ಒಂದು ಒಳ್ಳೆಯ ಮಳೆ ಸಿಕ್ಕರೆ ಮೊಗ್ಗು ದಿನದಿನಕ್ಕೆ ಉಬ್ಬಿ, ಹಸಿರು ಕಳೆದು ಬಿಳುಪೇರುತ್ತದೆ. ಸುಮಾರು ಎಂಟರಿಂದ ಹತ್ತು ದಿನದೊಳಗೆ ಇಡೀ ತೋಟ ಒಂದೇ ಬೆಳಗ್ಗೆ ಅರಳುತ್ತದೆ; ರೊಬಸ್ಟಾ ತುಸು ಬೇಗ, ಅರೇಬಿಕಾ ತುಸು ತಡ. ಎಷ್ಟು ಮಳೆ ಬೇಕು ಎಂಬುದಕ್ಕೆ ಬೆಳೆಗಾರರ ಬಳಿ ಇರುವ ಅಳತೆ ಒಂದು ಇಂಚು. ಕಾಫಿ ಮಂಡಳಿಯ ಶಿಫಾರಸೂ ಅದರ ಆಸುಪಾಸಿನಲ್ಲೇ ಇದೆ: ರೊಬಸ್ಟಾಕ್ಕೆ ಫೆಬ್ರವರಿ–ಮಾರ್ಚ್‌ನಲ್ಲಿ 2ರಿಂದ 4 ಸೆಂ.ಮೀ., ಅರೇಬಿಕಾಕ್ಕೆ ಮಾರ್ಚ್–ಏಪ್ರಿಲ್‌ನಲ್ಲಿ 2.5ರಿಂದ 4 ಸೆಂ.ಮೀ. ಹೂ ಕಾಯಿಕಟ್ಟಲು ಬೇಕಾದ ಬ್ಯಾಕಿಂಗ್ ಮಳೆ ಇದಕ್ಕಿಂತ ಜಾಸ್ತಿ, 5ರಿಂದ 7.5 ಸೆಂ.ಮೀ. ರೊಬಸ್ಟಾ ಅದಕ್ಕಾಗಿ ಎರಡು–ಮೂರು ವಾರ ಕಾದೀತು. ಅರೇಬಿಕಾದ ತಾಳ್ಮೆ ಇನ್ನೂ ಸ್ವಲ್ಪ ದೊಡ್ಡದು.

ನಾಲ್ಕೈದು ಮಿಲಿಮೀಟರ್ ಬಿದ್ದು ನಿಂತ ಮಳೆ ಏನೂ ಬೀಳದ್ದಕ್ಕಿಂತ ಕೆಟ್ಟದ್ದು. ಎಚ್ಚತ್ತ ಮೊಗ್ಗು ಮುಂದೆ ಹೋಗಲಾರದು, ಹಿಂದಿರುಗಲಾರದು; ಎಸಳು ಬಿಡಿಸುವ ಮೊದಲೇ ಕಂದಿ ಉದುರುತ್ತದೆ. ತೀರ ಮುಂಚೆ ಬಂದ ಮಳೆಯೂ ಹಾಗೆಯೇ. 2021ರ ಜನವರಿ ಮೊದಲ ವಾರಗಳಲ್ಲಿ ಕೊಡಗು, ಹಾಸನ, ಚಿಕ್ಕಮಗಳೂರಿನಲ್ಲಿ ಸುರಿದ ಅಕಾಲಿಕ ಮಳೆಗೆ ಕೊಯ್ಲು ಮುಗಿಯದ ತೋಟಗಳು ಹೂಬಿಟ್ಟವು. ಕಣದಲ್ಲಿ ಹರಡಿದ್ದ ಕಾಫಿ ನೆನೆಯಿತು. ಹಣ್ಣೂ ಹೂವೂ ಒಂದೇ ರೆಂಬೆಯಲ್ಲಿದ್ದಾಗ ಕೊಯ್ಯುವ ಕೈ ಹೂವನ್ನು ಉದುರಿಸದೆ ಇರಲಾರದು. ಆ ಮಳೆ ಒಟ್ಟು ಲೆಕ್ಕದಲ್ಲಿ ‘ವಾಡಿಕೆಗಿಂತ ಹೆಚ್ಚು’ ಎಂದೇ ದಾಖಲಾಗುತ್ತದೆ.

ಹೂ ಅರಳಿದ ದಿನದ ಹವೆಯೂ ಮುಖ್ಯ. ಅರೇಬಿಕಾ ತನ್ನದೇ ಪರಾಗದಿಂದ ಫಲಿಸಬಲ್ಲದು. ರೊಬಸ್ಟಾಕ್ಕೆ ಆ ಶಕ್ತಿಯಿಲ್ಲ. ಬೇರೆ ಗಿಡದ ಪರಾಗ ಗಾಳಿಯಲ್ಲೋ ಜೇನಿನ ಮೈಮೇಲೋ ಬರಲೇಬೇಕು. ಪೊನ್ನಂಪೇಟೆಯ ಅರಣ್ಯ ಕಾಲೇಜಿನ ಸಿ.ಜಿ. ಕುಶಾಲಪ್ಪ ಮತ್ತು ಸಂಗಡಿಗರು ಕೊಡಗಿನ ತೋಟಗಳಲ್ಲಿ ನಡೆಸಿದ ಅಧ್ಯಯನಗಳು ಈ ಕೆಲಸದಲ್ಲಿ ಹೆಜ್ಜೇನಿನ ಪಾತ್ರ ಎಷ್ಟು ದೊಡ್ಡದೆಂದು ತೋರಿಸಿವೆ. ಅರಳಿದ ಬೆಳಗ್ಗೆಯೇ ಮಳೆ ಹೊಡೆದರೆ ಜೇನು ಹೊರಡದು, ಪರಾಗ ತೊಳೆದುಹೋಗುತ್ತದೆ. ಅಂದರೆ ಹತ್ತು ದಿನ ಹಿಂದೆ ವರವಾಗಿದ್ದ ಮಳೆಯೇ ಈಗ ನಷ್ಟ.

ಮಳೆ ಹುಟ್ಟುವ ಬಗೆ

ಮಾರ್ಚ್ ತಿಂಗಳಿಗೆ ದಕ್ಷಿಣ ಪ್ರಸ್ಥಭೂಮಿಯ ನೆಲ ಕಾಯುತ್ತದೆ. ವಿದರ್ಭ, ಮರಾಠವಾಡದ ಕಡೆಯಿಂದ ಒಳನಾಡು ಕರ್ನಾಟಕದ ಮೂಲಕ ತಮಿಳುನಾಡಿನತ್ತ ಚಾಚುವ ಕಡಿಮೆ ಒತ್ತಡದ ಪಟ್ಟಿಯ ಇಕ್ಕೆಲದಲ್ಲಿ ಬೇರೆ ಬೇರೆ ದಿಕ್ಕಿನ ಗಾಳಿ ಬಂದು ಸೇರುತ್ತದೆ. ಬಂಗಾಳ ಕೊಲ್ಲಿಯ ತೇವ ಅದರ ಜೊತೆಗಿರುತ್ತದೆ. ಇತ್ತ ಅರಬ್ಬಿ ಸಮುದ್ರದ ಕಡಲಗಾಳಿ ಮಧ್ಯಾಹ್ನ ಕರಾವಳಿ ದಾಟಿ ಘಟ್ಟವೇರುತ್ತದೆ. ಇವು ಕೂಡಿದ ದಿನ ಮೂರು ಗಂಟೆಯ ಮೇಲೆ ಮೋಡ ಮೇಲೆದ್ದು, ಸಂಜೆಗೆ ಗುಡುಗು, ಗಾಳಿ, ಒಮ್ಮೊಮ್ಮೆ ಆಲಿಕಲ್ಲು. ಮುಂಗಾರಿನಂತೆ ನಾಡಿಗೆಲ್ಲ ಹರಡುವ ಮಳೆ ಇದಲ್ಲ. ಒಂದೊಂದು ಮೋಡದ ಹರಹು ಕೆಲವೇ ಕಿಲೋಮೀಟರು, ಆಯುಸ್ಸು ಒಂದೆರಡು ಗಂಟೆ.

ಗುಡ್ಡದ ಏರಿಳಿತ ಈ ಅಸಮತೆಯನ್ನು ಮತ್ತೂ ಹೆಚ್ಚಿಸುತ್ತದೆ. ಮುಂಗಾರಿನಲ್ಲೇ ಭಾಗಮಂಡಲಕ್ಕೂ ಕುಶಾಲನಗರಕ್ಕೂ ಹಲವು ಪಟ್ಟು ವ್ಯತ್ಯಾಸ ಇರುವಾಗ, ಬೇಸಿಗೆಯ ಗುಡುಗುಮಳೆಯ ಮಾತು ಕೇಳಬೇಕೇ? ಹೂಮಳೆ ಬಿದ್ದ ರಾತ್ರಿ ತೋಟದಿಂದ ತೋಟಕ್ಕೆ ಹೋಗುವ ಫೋನುಗಳಲ್ಲಿ “ನಿಮ್ಮಲ್ಲಿ ಎಷ್ಟು ಸೆಂಟು?” ಎಂಬುದೇ ಮೊದಲ ಪ್ರಶ್ನೆ. ನೂರು ಸೆಂಟಿಗೆ ಒಂದು ಇಂಚು. ಒಬ್ಬರಿಗೆ ನೂರಿಪ್ಪತ್ತು ಬಿದ್ದಿರುತ್ತದೆ, ಹೊಳೆಯಾಚೆಯವರಿಗೆ ಹದಿನೈದು.

ಇಲಾಖೆಯ ಅಳತೆ, ತೋಟದ ಅಳತೆ

ಈ ಹಿನ್ನೆಲೆಯಲ್ಲಿ ಈಗಿನ ಮುನ್ನೋಟಗಳನ್ನು ನೋಡಬೇಕು. ಹವಾಮಾನ ಇಲಾಖೆಯ ಉಪವಿಭಾಗಗಳಲ್ಲಿ ಕೊಡಗು, ಚಿಕ್ಕಮಗಳೂರು, ಹಾಸನ ಮೂರೂ ‘ದಕ್ಷಿಣ ಒಳನಾಡು ಕರ್ನಾಟಕ’ಕ್ಕೆ ಸೇರುತ್ತವೆ. ಕೋಲಾರ, ಚಿತ್ರದುರ್ಗವೂ ಅದರಲ್ಲೇ ಇವೆ. ಚಳ್ಳಕೆರೆಯ ಬಯಲಿಗೂ ಮಡಿಕೇರಿಯ ಕಣಿವೆಗೂ ಒಂದೇ ವಾಕ್ಯದಲ್ಲಿ ಮಳೆ ಹೇಳಿದರೆ ಎರಡಕ್ಕೂ ಅದು ಪೂರ್ತಿ ಹೊಂದದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಮಲೆನಾಡನ್ನು ಪ್ರತ್ಯೇಕ ವಲಯವಾಗಿ ಪರಿಗಣಿಸುತ್ತದೆ. ಗ್ರಾಮ ಪಂಚಾಯಿತಿ ಮಟ್ಟದ ಅದರ ಮಳೆಮಾಪಕ ಜಾಲ ದೇಶದಲ್ಲೇ ಗಮನಾರ್ಹವಾದದ್ದು. ನನ್ನ ದೃಷ್ಟಿಯಲ್ಲಿ ಹೂಮಳೆಯ ಮುನ್ನೋಟಕ್ಕೆ ಸರಿಯಾದ ಬುನಾದಿ ಇದೇ.

ಇನ್ನು ಮಳೆಯ ದಿನ. 24 ಗಂಟೆಯಲ್ಲಿ 2.5 ಮಿ.ಮೀ. ಬಿದ್ದರೆ ಇಲಾಖೆಯ ಲೆಕ್ಕದಲ್ಲಿ ಅದು ಮಳೆಯ ದಿನ. ತೋಟದ ಲೆಕ್ಕದಲ್ಲಿ ಅದು ಹತ್ತು ಸೆಂಟು, ಮೊಗ್ಗು ಕೆಡಿಸುವ ಮಳೆ. ಊಹೆಗೆ ಎರಡು ವರ್ಷ ತೆಗೆದುಕೊಳ್ಳಿ. ಒಂದರಲ್ಲಿ ಮಾರ್ಚ್ ಮೊದಲ ವಾರ 30 ಮಿ.ಮೀ., ಹದಿನೆಂಟು ದಿನ ಬಿಟ್ಟು 60 ಮಿ.ಮೀ.; ಇನ್ನೊಂದರಲ್ಲಿ ಮಾರ್ಚ್ ಪೂರ್ತಿ ಐದೈದು ಮಿಲಿಮೀಟರಿನ ಹನಿಮಳೆ, ಏಪ್ರಿಲ್ ಕೊನೆಗೆ 70. ಎರಡರ ಮೊತ್ತವೂ 90 ಆಗಬಹುದು. ರೊಬಸ್ಟಾ ಬೆಳೆಗಾರನಿಗೆ ಮೊದಲನೆಯದು ಒಳ್ಳೆಯ ಫಸಲಿನ ವರ್ಷ, ಎರಡನೆಯದು ಸಾಲದ ವರ್ಷ.

ಆದ್ದರಿಂದ ಬೇಕಾದ ಮುನ್ನೋಟ ಹೀಗಿರಬೇಕು: ಈ ವಾರ ಇಂಥ ಹೋಬಳಿಯಲ್ಲಿ ಒಂದೇ ದಿನ 25 ಮಿ.ಮೀ. ದಾಟುವ ಸಂಭವ ಎಷ್ಟು, ಹತ್ತಕ್ಕಿಂತ ಕೆಳಗೇ ನಿಲ್ಲುವ ಸಂಭವ ಎಷ್ಟು, ಮುಂದಿನ ಮೂರು ವಾರದಲ್ಲಿ ಎರಡನೆಯ ಮಳೆಯ ಸಂಭವ ಎಷ್ಟು. ಇಲಾಖೆ ಪ್ರತಿ ಗುರುವಾರ ನೀಡುವ ವಿಸ್ತೃತ ಅವಧಿಯ ಮುನ್ಸೂಚನೆಯನ್ನು ಈ ರೂಪಕ್ಕೆ ತರುವುದು ಸಾಧ್ಯವಿರುವ ಕೆಲಸ. ಗುಡುಗುಮೋಡ ಯಾವ ತೋಟದ ಮೇಲೆ ಕವಿಯುತ್ತದೆಂದು ವಾರ ಮೊದಲೇ ಹೇಳಲು ಯಾವ ಮಾದರಿಗೂ ಆಗದು. ಹಾಗೆ ಹೇಳುತ್ತೇವೆಂದು ನಟಿಸುವುದೂ ಬೇಡ. ಸಂಭವವನ್ನು ಸಂಭವವೆಂದೇ ಹೇಳಿದರೆ ಸಾಕು.

ಅದರಿಂದ ಆಗುವ ಉಪಯೋಗ ಸ್ಪಷ್ಟ. ಒಂದು ಎಕರೆಗೆ ಒಂದು ಇಂಚು ನೀರೆಂದರೆ ಸುಮಾರು 1.03 ಲಕ್ಷ ಲೀಟರು. ಸ್ಪ್ರಿಂಕ್ಲರ್ ಇರುವವರು ಫೆಬ್ರವರಿಯಲ್ಲಿ ಕೆರೆಯಿಂದಲೋ ತೋಡಿನಿಂದಲೋ ಅಷ್ಟನ್ನು ಎತ್ತಬೇಕು, ಡೀಸೆಲ್ ಸುಡಬೇಕು. ವಾರದೊಳಗೆ ಹದಮಳೆಯ ಸಂಭವ ಚೆನ್ನಾಗಿದೆ ಎಂದು ಗೊತ್ತಾದರೆ ಕಾಯಬಹುದು. ಇಲ್ಲವೆಂದಾದರೆ ಮೊಗ್ಗು ಬಾಡುವ ಮುಂಚೆ ಪಂಪು ಹಚ್ಚಬಹುದು. ಸ್ಪ್ರಿಂಕ್ಲರ್ ಇಲ್ಲದ ಸಣ್ಣ ಹಿಡುವಳಿದಾರರಿಗೆ ಈ ಆಯ್ಕೆಯಿಲ್ಲ. ಅವರಿಗೂ ಕಣದ ಕಾಫಿಯನ್ನು ಯಾವ ದಿನ ಮುಚ್ಚಬೇಕು, ಗೊಬ್ಬರ ಯಾವಾಗ ಹಾಕಬೇಕು ಎಂಬ ತೀರ್ಮಾನಗಳಿವೆ.

ಮಳೆ ಪುಸ್ತಕಗಳು

ನಮ್ಮ ಜನಪದ ಮಳೆಲೆಕ್ಕ ಏಪ್ರಿಲ್ ನಡುವಿನ ಅಶ್ವಿನಿಯಿಂದ ಶುರುವಾಗುತ್ತದೆ. ಅದು ರಾಗಿ, ಭತ್ತದ ಉಳುಮೆಗೆ ಹೊಂದಿಸಿದ ಪಂಚಾಂಗ. ರೊಬಸ್ಟಾಕ್ಕೆ ಬೇಕಾದ ಮಳೆ ಬೀಳುವುದು ಅದಕ್ಕೂ ಮೊದಲು, ಶತಭಿಷ, ಪೂರ್ವಾಭಾದ್ರದಲ್ಲಿ. ಆ ಮಳೆಗಳ ಮೇಲೆ ರೈತರ ಗಾದೆಗಳು ಅಪರೂಪ. ಏಕೆಂದರೆ ಕಾಫಿ ಈ ಬೆಟ್ಟಗಳಲ್ಲಿ ಹರಡಿದ್ದು ತಡವಾಗಿ. ಆ ಕೊರತೆಯನ್ನು ತುಂಬಿರುವುದು ತೋಟಗಳ ಮಳೆ ಪುಸ್ತಕ. ಉದ್ದನೆಯ ಲೆಡ್ಜರು, ಎಡಕ್ಕೆ ತಾರೀಖು, ಬಲಕ್ಕೆ ಇಂಚು, ಸೆಂಟು, ಅಂಚಿನಲ್ಲಿ ‘ಆಲಿಕಲ್ಲು’, ‘ಹೂ ಅರಳಿತು’, ‘ಬ್ಯಾಕಿಂಗ್ ಇಲ್ಲ’ ಎಂಬಂಥ ಟಿಪ್ಪಣಿ. ಬೆಳಗ್ಗೆ ಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು ಬರೆದಿಡುವ ಈ ಅಭ್ಯಾಸ ಹಲವು ಮನೆಗಳಲ್ಲಿ ಮೂರು ತಲೆಮಾರಿನಿಂದ ನಡೆದಿದೆ. ಸರ್ಕಾರಿ ದಾಖಲೆಯಲ್ಲಿ ಮಳೆ ಸಿಗುತ್ತದೆ. ಮಳೆಯೂ ಹೂವೂ ಒಂದೇ ಪುಟದಲ್ಲಿ ಸಿಗುವುದು ಇಲ್ಲಿ ಮಾತ್ರ. ಯಾವ ಪ್ರಮಾಣಕ್ಕೆ ಹೂ ನಿಂತಿತು, ಯಾವ ಅಂತರಕ್ಕೆ ಕಾಯಿ ಕಚ್ಚಲಿಲ್ಲ ಎಂಬುದನ್ನು ಹೋಬಳಿವಾರು ನಿರ್ಧರಿಸಲು ಇದಕ್ಕಿಂತ ಉತ್ತಮ ಆಕರ ಇನ್ನೊಂದಿಲ್ಲ. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ 1925ರಷ್ಟು ಹಿಂದೆ ಆರಂಭವಾದ ಪ್ರಯೋಗ ಕೇಂದ್ರದ ಮುಂದುವರಿಕೆ. ಈ ಪುಸ್ತಕಗಳನ್ನು ಒಟ್ಟುಮಾಡಿ ಡಿಜಿಟಲ್ ರೂಪಕ್ಕೆ ತರುವ ಹೊಣೆಗೆ ಅದಕ್ಕಿಂತ ಅರ್ಹ ಸಂಸ್ಥೆ ನನಗೆ ಕಾಣದು.

ತೋಟದ ಮನೆಗಳಲ್ಲಿ ಹಳೆಯ ಮಳೆ ಪುಸ್ತಕ ಇಟ್ಟುಕೊಂಡಿರುವವರಲ್ಲಿ ಒಂದು ವಿನಂತಿ. ಅಜ್ಜನ ಕೈಬರಹ ಓದಲು ಬರುವುದಿಲ್ಲವೆಂದು ಅದನ್ನು ರದ್ದಿಗೆ ಹಾಕಬೇಡಿ. ಒಂದೊಂದೇ ಪುಟದ ಫೋಟೊ ತೆಗೆದಿಡಿ, ತೋಟದ ಊರು, ಎತ್ತರ, ಕಾಫಿಯ ಜಾತಿ ಬರೆದಿಡಿ, ಹತ್ತಿರದ ಸಂಶೋಧನಾ ಕೇಂದ್ರಕ್ಕೆ ಒಂದು ಪ್ರತಿ ಕೊಡಿ.