ವಿದೇಶ ಪ್ರವಾಸಕ್ಕೆ ಟ್ರಾವೆಲ್ ಏಜೆಂಟ್ ಬೇಕೇ ಬೇಕಾ? ವಿಯೆಟ್ನಾಂ ಉದಾಹರಣೆಯೊಂದಿಗೆ ವಿವರ

"ವಿಯೆಟ್ನಾಂಗೆ ಹೋಗಲು ಭಾರತೀಯರಿಗೆ ವೀಸಾ ಬೇಡ, ಪಾಸ್‌ಪೋರ್ಟ್ ಇದ್ದರೆ ಸಾಕು" ಎಂಬ ಸಂದೇಶ ಒಂದು ಗ್ರೂಪಿನಲ್ಲಿ ಬರುತ್ತದೆ. "ಏಜೆಂಟ್ ಇಲ್ಲದೆ ಅರ್ಜಿ ಹಾಕಿದರೆ ವೀಸಾ ರಿಜೆಕ್ಟ್ ಆಗುತ್ತದೆ" ಎಂಬ ಸಂದೇಶ ಇನ್ನೊಂದರಲ್ಲಿ. ಎರಡೂ ಸರಿಯಲ್ಲ. ಮೊದಲನೆಯದನ್ನು ನಂಬಿ ಹೊರಟರೆ ಬೆಂಗಳೂರಿನ ಚೆಕ್-ಇನ್ ಕೌಂಟರಿನಿಂದಲೇ ಮನೆಗೆ ವಾಪಸ್ ಬರಬೇಕಾಗಬಹುದು. ಎರಡನೆಯದನ್ನು ನಂಬಿದರೆ ಮೊಬೈಲಿನಲ್ಲೇ ಮುಗಿಯುವ ಕೆಲಸಕ್ಕೆ ಸುಮ್ಮನೆ ಕಮಿಷನ್ ಕೊಡುತ್ತೀರಿ.

ಏಜೆಂಟ್ ಏನು ಮಾಡುತ್ತಾರೆ, ಏನು ಮಾಡಲಾರರು ಎಂದು ತಿಳಿದರೆ ಅರ್ಧ ಗೊಂದಲ ಪರಿಹಾರವಾಗುತ್ತದೆ. ಅವರು ಅರ್ಜಿ ತುಂಬುತ್ತಾರೆ, ಟಿಕೆಟ್ ಮತ್ತು ಹೋಟೆಲ್ ಬುಕ್ ಮಾಡುತ್ತಾರೆ, ದಾಖಲೆಗಳನ್ನು ಜೋಡಿಸಿಕೊಡುತ್ತಾರೆ. ವೀಸಾ ಕೊಡುವ ಅಧಿಕಾರ ಅವರಿಗಿಲ್ಲ. ಯುರೋಪಿನ ಷೆಂಗೆನ್ ವೀಸಾಕ್ಕೆ ಅರ್ಜಿ ಸ್ವೀಕರಿಸುವ ವಿಎಫ್‌ಎಸ್‌ನಂಥ ಕೇಂದ್ರಗಳಿಗೂ ಇಲ್ಲ. ಅವು ದಾಖಲೆ ಮತ್ತು ಬೆರಳಚ್ಚು ಪಡೆದು ರವಾನಿಸುತ್ತವೆ, ತೀರ್ಮಾನ ಆ ದೇಶದ ಕಾನ್ಸುಲೇಟಿನದು. ಹಾಗಾಗಿ "ವೀಸಾ ಗ್ಯಾರಂಟಿ" ಎಂದು ಯಾರಾದರೂ ಹೇಳಿದರೆ, ತಮ್ಮ ಕೈಯಲ್ಲಿ ಇಲ್ಲದ್ದನ್ನು ಮಾರುತ್ತಿದ್ದಾರೆ ಎಂದರ್ಥ. ನಕಲಿ ಟಿಕೆಟ್, ನಕಲಿ ಹೋಟೆಲ್ ಬುಕಿಂಗ್ ಅರ್ಜಿಯೊಳಗೆ ಸೇರಿಕೊಳ್ಳುವುದೂ ಇಂಥ ಕಡೆಗಳಲ್ಲೇ. ಸಿಕ್ಕಿಬಿದ್ದರೆ ನಿರಾಕರಣೆ ದಾಖಲಾಗುವುದು ನಿಮ್ಮ ಹೆಸರಿನಲ್ಲಿ.

ವೀಸಾ ಬೇಡ ಎಂಬ ಸುದ್ದಿ ಬಂದದ್ದೆಲ್ಲಿಂದ?

ಅದರಲ್ಲಿ ಅರ್ಧ ಸತ್ಯವಿದೆ. ವಿಯೆಟ್ನಾಂನ ಫು ಕ್ವಾಕ್ ಎಂಬ ದ್ವೀಪಕ್ಕೆ ನೇರವಾಗಿ ಹೋಗಿ, ಅಲ್ಲೇ 30 ದಿನದೊಳಗೆ ಇದ್ದು ಮರಳುವ ವಿದೇಶಿಯರಿಗೆ ವೀಸಾ ವಿನಾಯಿತಿ ಇದೆ. ಆ ದ್ವೀಪದ ನಿಯಮವೇ ಫಾರ್ವರ್ಡ್ ಆಗುತ್ತಾ ಆಗುತ್ತಾ ಇಡೀ ದೇಶದ ನಿಯಮವಾಗಿಬಿಟ್ಟಿದೆ. ಹನೋಯ್, ಡಾ ನಾಂಗ್, ಹೋ ಚಿ ಮಿನ್ ಸಿಟಿ ನೋಡಬೇಕೆಂದರೆ ಭಾರತೀಯರಿಗೆ ವೀಸಾ ಬೇಕು.

ಅದನ್ನು ಪಡೆಯುವ ದಾರಿ ಇ-ವೀಸಾ. 2023ರ ಆಗಸ್ಟ್ 15ರಿಂದ ಇದನ್ನು 90 ದಿನಗಳವರೆಗೆ ಕೊಡುತ್ತಿದ್ದಾರೆ. ಸರ್ಕಾರಿ ಶುಲ್ಕ ಒಮ್ಮೆ ಪ್ರವೇಶಿಸಲು 25 ಡಾಲರ್, ಹಲವು ಬಾರಿ ಪ್ರವೇಶಿಸಲು 50 ಡಾಲರ್. ಪಾಸ್‌ಪೋರ್ಟಿನ ಮಾಹಿತಿ ಪುಟದ ಚಿತ್ರ ಮತ್ತು ಒಂದು ಫೋಟೊ ಅಪ್‌ಲೋಡ್ ಮಾಡಿ, ಯಾವ ವಿಮಾನ ನಿಲ್ದಾಣದಲ್ಲಿ ಇಳಿಯುತ್ತೀರಿ ಎಂದು ತಿಳಿಸಿ, ಕಾರ್ಡಿನಲ್ಲಿ ಹಣ ಕಟ್ಟಿದರೆ ಮುಗಿಯಿತು. ಮೂರು ಕೆಲಸದ ದಿನಗಳು ಎಂದು ಹೇಳಿದರೂ ಎರಡು ಮೂರು ವಾರ ಮೊದಲೇ ಹಾಕುವುದು ಒಳ್ಳೆಯದು. ಜನವರಿ ಕೊನೆಯಿಂದ ಫೆಬ್ರವರಿ ನಡುವೆ ಬರುವ ಅವರ ಹೊಸವರ್ಷ 'ಟೆಟ್' ಹಬ್ಬಕ್ಕೆ ಕಚೇರಿಗಳು ವಾರದಷ್ಟು ಮುಚ್ಚಿರುತ್ತವೆ. ಅರ್ಜಿಯಲ್ಲಿ ತಪ್ಪಾದರೆ ಕಟ್ಟಿದ ಶುಲ್ಕ ವಾಪಸ್ ಬರುವುದಿಲ್ಲ.

ಎಚ್ಚರ ವಹಿಸಬೇಕಾದ್ದು ವೆಬ್‌ಸೈಟಿನ ವಿಷಯದಲ್ಲಿ. ಗೂಗಲ್‌ನಲ್ಲಿ "ವಿಯೆಟ್ನಾಂ ವೀಸಾ" ಎಂದು ಹುಡುಕಿದರೆ ಮೊದಲು ಕಾಣುವುದು ಬಹುಪಾಲು ಜಾಹೀರಾತು. ಧ್ವಜ, ಲಾಂಛನ ಹಾಕಿಕೊಂಡು ಸರ್ಕಾರಿ ತಾಣದಂತೆಯೇ ಕಾಣುವ ಖಾಸಗಿ ತಾಣಗಳು ಅದೇ ವೀಸಾಕ್ಕೆ ಹಲವು ಪಟ್ಟು ಹಣ ಕೇಳುತ್ತವೆ. ಅಸಲಿ ತಾಣದ ವಿಳಾಸ 'ಜಿಒವಿ ಡಾಟ್ ವಿಎನ್' ಎಂದು ಕೊನೆಯಾಗುತ್ತದೆ. ಥಾಯ್ಲೆಂಡಿನಲ್ಲೂ ಇದೇ ಕಥೆ: 2025ರ ಮೇ 1ರಿಂದ ಅಲ್ಲಿಗೆ ಹೋಗುವವರು ಆನ್‌ಲೈನಿನಲ್ಲಿ ತುಂಬಬೇಕಾದ ಡಿಜಿಟಲ್ ಆಗಮನ ಕಾರ್ಡ್ ಪೂರ್ತಿ ಉಚಿತ. ಅದಕ್ಕೆ ದುಡ್ಡು ಕೇಳುವ ತಾಣ ಸರ್ಕಾರದ್ದಲ್ಲ.

ನಮ್ಮ ಇನಿಷಿಯಲ್‌ಗಳ ತಲೆನೋವು

ಕರ್ನಾಟಕದವರು ಹೆಚ್ಚು ಎಡವುವುದು ಹೆಸರಿನ ವಿಷಯದಲ್ಲಿ ಎಂದು ನಮಗನ್ನಿಸುತ್ತದೆ. ನಮ್ಮಲ್ಲಿ ಊರಿನ ಮತ್ತು ತಂದೆಯ ಹೆಸರು ಇನಿಷಿಯಲ್ ಆಗಿರುತ್ತದೆ, ಮನೆತನದ ಹೆಸರು ಎಂಬುದು ಅನೇಕರಿಗೆ ಇಲ್ಲವೇ ಇಲ್ಲ. ಆಧಾರ್‌ನಲ್ಲಿ 'ಮಂಜುನಾಥ ಎಚ್. ಎಸ್.' ಎಂದಿದೆ ಎಂದುಕೊಳ್ಳಿ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್‌ಗೆ ಅವಕಾಶವಿಲ್ಲ, ಬಿಡಿಸಿ ಬರೆಯಬೇಕು. ಅಲ್ಲಿ ಅದು 'ಮಂಜುನಾಥ ಹಾಸನ ಶ್ರೀನಿವಾಸ' ಆಗಿ, ಸರ್‌ನೇಮ್ ಜಾಗ ಖಾಲಿ ಉಳಿದಿರಬಹುದು. ಟಿಕೆಟ್ ಬುಕ್ ಮಾಡುವಾಗ ಅಭ್ಯಾಸಬಲದಿಂದ ಆಧಾರ್‌ನಲ್ಲಿ ಇದ್ದಂತೆ ಟೈಪ್ ಮಾಡಿದರೆ ತೊಂದರೆ ಶುರು. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಟಿಕೆಟ್, ವೀಸಾ ಎರಡೂ ಪಾಸ್‌ಪೋರ್ಟಿಗೆ ಹೊಂದಬೇಕು, ಒಂದು ಅಕ್ಷರವೂ ಆಚೀಚೆ ಆಗದಂತೆ.

ಸರ್‌ನೇಮ್ ಖಾಲಿ ಇದ್ದರೆ? ಬುಕಿಂಗ್ ಪುಟ ಆ ಜಾಗವನ್ನು ಖಾಲಿ ಬಿಡಲು ಒಪ್ಪುವುದಿಲ್ಲ. ಕೆಲವು ವಿಮಾನ ಕಂಪನಿಗಳು ಹೆಸರನ್ನೇ ಎರಡು ಸಲ ಬರೆಯಲು ಹೇಳುತ್ತವೆ, ಕೆಲವು ಬೇರೆ ಕ್ರಮ ಅನುಸರಿಸುತ್ತವೆ. ಆಯಾ ಕಂಪನಿಯ ಸಹಾಯ ಪುಟ ನೋಡಿ, ಅನುಮಾನವಿದ್ದರೆ ಕಸ್ಟಮರ್ ಕೇರ್‌ನಿಂದ ಇಮೇಲಿನಲ್ಲೇ ಉತ್ತರ ಪಡೆದು ಇಟ್ಟುಕೊಳ್ಳಿ. ಇದು ಸಣ್ಣ ವಿಷಯವಲ್ಲ. 2022ರ ನವೆಂಬರ್‌ನಲ್ಲಿ ಯುಎಇ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವ ಪ್ರವಾಸಿಗಳಿಗೆ ಪ್ರವೇಶವಿಲ್ಲ ಎಂಬ ನಿಯಮ ತಂದಾಗ ದಕ್ಷಿಣ ಭಾರತದ ಅನೇಕರು ಕಂಗಾಲಾದರು. ವಿದೇಶಕ್ಕೆ ಆಗಾಗ ಹೋಗುವ ಉದ್ದೇಶ ಇದ್ದರೆ ಪಾಸ್‌ಪೋರ್ಟ್ ನವೀಕರಿಸುವಾಗಲೇ ಸರ್‌ನೇಮ್ ತುಂಬಿಸಿಕೊಳ್ಳುವುದು ಜಾಣತನ. ಅಂದಹಾಗೆ, ವಿಯೆಟ್ನಾಂಗೆ ಪಾಸ್‌ಪೋರ್ಟಿನ ಅವಧಿ ಕನಿಷ್ಠ ಆರು ತಿಂಗಳು ಬಾಕಿ ಇರಬೇಕು.

ಎರಡು ಅಗ್ಗದ ಟಿಕೆಟ್, ಒಂದು ದುಬಾರಿ ತಪ್ಪು

ಬೆಂಗಳೂರಿನಿಂದ ಕ್ವಾಲಾಲಂಪುರಕ್ಕೆ ಒಂದು ಟಿಕೆಟ್, ಅಲ್ಲಿಂದ ಹನೋಯ್‌ಗೆ ಬೇರೆ ಕಂಪನಿಯ ಇನ್ನೊಂದು ಟಿಕೆಟ್ ತೆಗೆದರೆ ಸಾವಿರಾರು ರೂಪಾಯಿ ಉಳಿಯುತ್ತದೆ ಎಂಬ ಸಲಹೆ ರೀಲ್ಸ್‌ಗಳಲ್ಲಿ ಸಾಮಾನ್ಯ. ಉಳಿಯುವುದು ನಿಜ. ಆದರೆ ಎರಡೂ ಒಂದೇ ಪಿಎನ್‌ಆರ್‌ನಲ್ಲಿ ಇಲ್ಲದಿದ್ದರೆ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಯಾರೂ ಹೊಣೆಯಲ್ಲ. ಎರಡನೇ ಟಿಕೆಟಿನ ದುಡ್ಡು ಹೋಯಿತೆಂದೇ ಲೆಕ್ಕ. ಲಗೇಜನ್ನೂ ಸಾಮಾನ್ಯವಾಗಿ ನೀವೇ ಪಡೆದು ಮತ್ತೆ ಚೆಕ್-ಇನ್ ಮಾಡಬೇಕು. ಅದಕ್ಕೆ ಇಮಿಗ್ರೇಷನ್ ದಾಟಬೇಕು, ಅಂದರೆ ನಡುವಿನ ದೇಶದ ಪ್ರವೇಶ ನಿಯಮವೂ ನಿಮಗೆ ಅನ್ವಯ. ಮೊದಲ ಬಾರಿ ಹೋಗುವವರು, ವಯಸ್ಸಾದ ಅಪ್ಪ ಅಮ್ಮನನ್ನು ಕರೆದೊಯ್ಯುವವರು ಒಂದೇ ಪಿಎನ್‌ಆರ್‌ಗೆ ಸ್ವಲ್ಪ ಹೆಚ್ಚು ಕೊಡುವುದೇ ಲೇಸು.

ಆರ್‌ಟಿಒ ಪರ್ಮಿಟ್ ಇದ್ದರೆ ಸ್ಕೂಟರ್ ಓಡಿಸಬಹುದೇ?

ವಿಯೆಟ್ನಾಂ ಎಂದೊಡನೆ ಹಾ ಜಿಯಾಂಗ್ ಬೆಟ್ಟದ ರಸ್ತೆಯ ಬೈಕ್ ವಿಡಿಯೊಗಳು ನೆನಪಾಗುತ್ತವೆ. "ನಮ್ಮ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸಿದರೆ ಎಲ್ಲಿ ಬೇಕಾದರೂ ಓಡಿಸಬಹುದು" ಎಂಬ ಮಾತು ಅಪಾಯಕಾರಿ. ಭಾರತ ಕೊಡುವ ಪರ್ಮಿಟ್ 1949ರ ಜಿನೀವಾ ಒಪ್ಪಂದದ ಮಾದರಿಯದು. ವಿಯೆಟ್ನಾಂ ಮಾನ್ಯ ಮಾಡುವುದು 1968ರ ವಿಯೆನ್ನಾ ಒಪ್ಪಂದದ ಪರ್ಮಿಟ್‌ಗಳನ್ನು. ಅಲ್ಲಿ 50 ಸಿಸಿಗಿಂತ ಹೆಚ್ಚಿನ ಬೈಕಿಗೆ ಮಾನ್ಯ ಲೈಸೆನ್ಸ್ ಕಡ್ಡಾಯ. ಬಾಡಿಗೆಗೆ ಸಿಗುವ ಸ್ಕೂಟರ್‌ಗಳು ಹೆಚ್ಚಾಗಿ 110 ಸಿಸಿ ಮೇಲಿನವು.

ಬಾಡಿಗೆ ಅಂಗಡಿಯವರು ಲೈಸೆನ್ಸ್ ಕೇಳದೆಯೂ ಕೀಲಿ ಕೊಡಬಹುದು. ಪೊಲೀಸರ ದಂಡವೂ ಹೋಗಲಿ ಬಿಡಿ. ಬಿದ್ದು ಕಾಲು ಮುರಿದರೆ, ಮಾನ್ಯ ಲೈಸೆನ್ಸ್ ಇಲ್ಲದೆ ಓಡಿಸಿದ್ದೀರಿ ಎಂಬ ಕಾರಣಕ್ಕೆ ಟ್ರಾವೆಲ್ ಇನ್ಶೂರೆನ್ಸ್ ಕ್ಲೇಮ್ ತಿರಸ್ಕಾರವಾಗಬಹುದು. ಆಸ್ಪತ್ರೆ ಬಿಲ್ಲು, ಊರಿಗೆ ಮರಳುವ ಖರ್ಚು ಎಲ್ಲ ಕೈಯಿಂದ. ಹಾ ಜಿಯಾಂಗ್‌ನಲ್ಲಿ ಸ್ಥಳೀಯ ಸವಾರರ ಹಿಂದೆ ಕುಳಿತು ಹೋಗುವ ವ್ಯವಸ್ಥೆ ಇದೆ. ನಮ್ಮ ಕೇಳಿದರೆ ಅದೇ ಸರಿ, ನೋಟವೂ ಚೆನ್ನಾಗಿ ಸಿಗುತ್ತದೆ!

ಹಣದ ವಿಷಯದಲ್ಲಿ ಒಂದೇ ಮಾತು ಸಾಕು. ಅಲ್ಲಿ ಕಾರ್ಡ್ ಉಜ್ಜಿದಾಗ ಯಂತ್ರ "ರೂಪಾಯಿಯಲ್ಲಿ ಪಾವತಿಸುವಿರಾ?" ಎಂದು ಕೇಳಿದರೆ ಬೇಡ ಎಂದು ಡಾಂಗ್‌ನಲ್ಲೇ ಪಾವತಿಸಿ. ರೂಪಾಯಿ ಆಯ್ಕೆಯಲ್ಲಿ ವಿನಿಮಯ ದರ ಸಾಮಾನ್ಯವಾಗಿ ಕೆಟ್ಟದಾಗಿರುತ್ತದೆ.

ಹಾಗಾದರೆ ಏಜೆಂಟ್ ಬೇಡವೇ ಬೇಡವಾ? ಹಾಗೇನಿಲ್ಲ. ಟಿಬೆಟ್‌ನಂಥ ಕಡೆ ವಿದೇಶಿಯರು ಸ್ವತಂತ್ರವಾಗಿ ಓಡಾಡುವಂತೆಯೇ ಇಲ್ಲ, ವ್ಯವಸ್ಥಿತ ಪ್ರವಾಸದ ಮೂಲಕವೇ ಹೋಗಬೇಕು. ಹದಿನೈದು ಇಪ್ಪತ್ತು ಜನರ ಕುಟುಂಬ ಹೊರಟಾಗಲೂ ಯಾರಾದರೂ ಹೊಣೆ ಹೊತ್ತರೆ ನೆಮ್ಮದಿ. ಆಗ ವಿದೇಶಿ ಪ್ಯಾಕೇಜಿನ ಬಿಲ್ಲಿನಲ್ಲಿ ಟಿಸಿಎಸ್ ಎಂಬ ಸಾಲು ಕಾಣುತ್ತದೆ. "ಅದು ಸರ್ಕಾರಕ್ಕೆ ಹೋದ ದುಡ್ಡು, ಮರೆತುಬಿಡಿ" ಎನ್ನುವವರಿದ್ದಾರೆ. ಮರೆಯಬೇಡಿ. ಅದು ನಿಮ್ಮ ಪ್ಯಾನ್ ಹೆಸರಿನಲ್ಲಿ ಮುಂಗಡವಾಗಿ ಸಂಗ್ರಹಿಸಿದ ತೆರಿಗೆ. ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು, ಕಟ್ಟಬೇಕಾದ ತೆರಿಗೆ ಇಲ್ಲದಿದ್ದರೆ ರಿಫಂಡ್ ಪಡೆಯಬಹುದು. ದರ ಹಲವು ಸಲ ಬದಲಾಗಿರುವುದರಿಂದ ಬುಕ್ ಮಾಡುವ ದಿನ ಎಷ್ಟಿದೆ ಎಂದು ಕೇಳಿ, ಪ್ಯಾನ್ ನಂಬರ್ ಸರಿಯಾಗಿ ಕೊಟ್ಟು, ರಸೀದಿ ಇಟ್ಟುಕೊಳ್ಳಿ.