ಹೃದಯ ವೈಫಲ್ಯ: ವೃದ್ಧರಲ್ಲಿ ಕಾರಣ ತಿಳಿಯದ ಲಕ್ಷಣಗಳು

ದೇಹಕ್ಕೆ ಬೇಕಾದಷ್ಟು ರಕ್ತವನ್ನು ಹೃದಯ ಪೂರೈಸಲಾರದ, ಇಲ್ಲವೆ ತನ್ನೊಳಗಿನ ಒತ್ತಡವನ್ನು ಏರಿಸಿಕೊಂಡು ಮಾತ್ರ ಪೂರೈಸಬಲ್ಲ ಸ್ಥಿತಿಗೆ ಹೃದಯ ವೈಫಲ್ಯವೆಂದು ಹೆಸರು. ಇದು ಹೃದಯಾಘಾತದಂತೆ ಒಮ್ಮೆಲೇ ಎರಗುವುದು ಕಡಿಮೆ. ವರ್ಷಗಟ್ಟಲೆ ಏರಿಳಿಯುತ್ತ ಸಾಗುತ್ತದೆ. ಈ ಕಾಯಿಲೆಯಿರುವ ಹಿರಿಯರಲ್ಲಿ ಹೊಸ ಲಕ್ಷಣವೊಂದು ಕಾಣಿಸಿದಾಗ ಅದು ಹೃದಯದ್ದೋ, ಔಷಧಿಯದ್ದೋ, ಬೇರೆ ರೋಗದ್ದೋ ಎಂದು ಬಿಡಿಸುವುದು ಕಷ್ಟ. ಲಕ್ಷಣ ಯಾವಾಗ ಶುರುವಾಯಿತು, ಅದರ ಹಿಂದಿನ ದಿನಗಳಲ್ಲಿ ಏನು ಬದಲಾಗಿತ್ತು ಎಂಬ ವಿವರವೇ ವೈದ್ಯರಿಗೆ ಸಿಗುವ ಮುಖ್ಯ ಸುಳಿವು. ಅದನ್ನು ಕೊಡಬಲ್ಲವರು ಮನೆಯವರು.

ಕಾರಣ ಮತ್ತು ಬಗೆ

ಹೃದಯದ ರಕ್ತನಾಳಗಳ ಅಡಚಣೆ, ಬಹುಕಾಲದ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕವಾಟಗಳ ದೋಷ, ಹೃದಯದ ಲಯ ತಪ್ಪುವಿಕೆ ಇವು ಸಾಮಾನ್ಯ ಕಾರಣಗಳು. 2013ರಲ್ಲಿ ತಿರುವನಂತಪುರದ ಆಸ್ಪತ್ರೆಗಳು 1,205 ರೋಗಿಗಳ ವಿವರ ದಾಖಲಿಸಿದಾಗ ಅವರ ಸರಾಸರಿ ವಯಸ್ಸು ಸುಮಾರು 61 ಆಗಿತ್ತು. ಬಹುಪಾಲು ಮಂದಿಯಲ್ಲಿ ರಕ್ತನಾಳಗಳ ಅಡಚಣೆಯೇ ಮೂಲವಾಗಿತ್ತು.

ಪ್ರತಿ ಬಡಿತಕ್ಕೆ ಎಡ ಹೃತ್ಕುಕ್ಷಿ ಹೊರದೂಡುವ ರಕ್ತದ ಪಾಲನ್ನು ‘ಇಜೆಕ್ಷನ್ ಫ್ರ್ಯಾಕ್ಷನ್’ ಎನ್ನುತ್ತಾರೆ. ಅದು ಶೇ. 40 ಅಥವಾ ಕಡಿಮೆಯಿದ್ದರೆ ಹೃದಯದ ಸ್ನಾಯು ಸೋತಿದೆ ಎಂದರ್ಥ. ಶೇ. 50 ಅಥವಾ ಹೆಚ್ಚಿದ್ದರೂ ಸ್ನಾಯು ಬಿರುಸಾಗಿ, ರಕ್ತ ತುಂಬಿಕೊಳ್ಳಲು ಸಡಿಲಗೊಳ್ಳದೆ ವೈಫಲ್ಯ ಬರಬಹುದು. ರಕ್ತದೊತ್ತಡವಿರುವ ವಯಸ್ಸಾದ ಹೆಂಗಸರಲ್ಲಿ ಈ ಎರಡನೆಯ ಬಗೆ ಹೆಚ್ಚು. ಆದ್ದರಿಂದ ಎಕೋ ವರದಿಯಲ್ಲಿ ಪಂಪಿಂಗ್ ಚೆನ್ನಾಗಿದೆ ಎಂದಿದ್ದ ಮಾತ್ರಕ್ಕೆ ಹೃದಯವನ್ನು ಶಂಕೆಯಿಂದ ಬಿಡುವಂತಿಲ್ಲ.

ಲಕ್ಷಣಗಳು

ನಡೆದರೆ ಉಸಿರು ಕಟ್ಟುವುದು, ಚಪ್ಪಟೆ ಮಲಗಲಾಗದೆ ದಿಂಬಿನ ಮೇಲೆ ದಿಂಬು ಬೇಕಾಗುವುದು, ಕಾಲು ಬಾವು, ಸುಸ್ತು ಇವು ಎಲ್ಲರಿಗೂ ಪರಿಚಿತ. ಬೀದರ್ ಜಿಲ್ಲೆಯ ಹುಮನಾಬಾದ್, ಬಸವಕಲ್ಯಾಣದ ಕಡೆ ಹಿರಿಯರು ಹೇಳುವ ‘ದಮ್ಮು ಹತ್ತತದ’ ಎಂಬ ದೂರೂ ಇದೇ. ಮೊಣಕಾಲು ನೋವಿನಿಂದಲೋ ಕಣ್ಣು ಮಂಜಾದುದರಿಂದಲೋ ಓಡಾಟ ಕಡಿಮೆ ಮಾಡಿದವರಿಗೆ ದಮ್ಮು ಹತ್ತುವ ಸಂದರ್ಭವೇ ಬರುವುದಿಲ್ಲ. ಕಾಯಿಲೆ ಬೇರೆ ದಾರಿಯಲ್ಲಿ ತಲೆ ಎತ್ತುತ್ತದೆ.

ಕರುಳು ಮತ್ತು ಯಕೃತ್ತಿನಲ್ಲಿ ರಕ್ತ ಕಟ್ಟಿಕೊಂಡಾಗ ಹೊಟ್ಟೆ ಉಬ್ಬರಿಸಿ ಎರಡು ತುತ್ತಿಗೇ ಊಟ ಸಾಕೆನಿಸುತ್ತದೆ; ಮನೆಯವರು ಇದನ್ನು ಗ್ಯಾಸ್ ಎಂದುಕೊಳ್ಳುತ್ತಾರೆ. ಹಗಲು ಕಾಲಲ್ಲಿ ನಿಂತ ನೀರು ಮಲಗಿದಾಗ ರಕ್ತಕ್ಕೆ ಮರಳುವುದರಿಂದ ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳಬೇಕಾಗುತ್ತದೆ. ರಾತ್ರಿ ಒಣಕೆಮ್ಮು, ನಿದ್ದೆಗೇಡು, ಮರೆವು, ಗೊಂದಲದ ಮಾತು, ಕಾರಣವಿಲ್ಲದೆ ಬೀಳುವುದು ಇವೂ ಹೃದಯದ್ದಾಗಿರಬಹುದು. ಹಾಸಿಗೆ ಹಿಡಿದವರಲ್ಲಿ ಬಾವು ಪಾದದಲ್ಲಿ ಕಾಣದೆ ಸೊಂಟದ ಹಿಂಭಾಗದಲ್ಲಿ ಸೇರಿಕೊಂಡಿರುತ್ತದೆ. ದೇಹದಲ್ಲಿ ನೀರು ತುಂಬುತ್ತಿದ್ದರೆ ಮಾಂಸಖಂಡ ಕರಗುತ್ತಿದ್ದರೂ ತೂಕ ಇಳಿದಂತೆ ಕಾಣದು.

ಔಷಧಿಗಳಿಂದ ಬರುವ ಲಕ್ಷಣಗಳು

ಎನಲಾಪ್ರಿಲ್, ರಾಮಿಪ್ರಿಲ್ ಗುಂಪಿನ ಮಾತ್ರೆಗಳು ಕೆಲವರಲ್ಲಿ ಒಣಕೆಮ್ಮು ತರುತ್ತವೆ. ಬೀಟಾ ಬ್ಲಾಕರ್ ಆರಂಭದಲ್ಲಿ ಸುಸ್ತು ಹೆಚ್ಚಿಸಬಹುದು. ಮೂತ್ರ ಹೆಚ್ಚಿಸುವ ಮಾತ್ರೆಗಳಿಂದ ಸೋಡಿಯಂ ಇಳಿದು ಗೊಂದಲ, ರಕ್ತದೊತ್ತಡ ಕುಸಿದು ತಲೆಸುತ್ತು, ಯೂರಿಕ್ ಆಮ್ಲ ಏರಿ ಕಾಲಿನ ಹೆಬ್ಬೆರಳಲ್ಲಿ ಉರಿನೋವು ಬರಬಹುದು. ಬೇಸಿಗೆಯ ಬಿಸಿಲಿನಲ್ಲಿ, ವಾಂತಿ ಭೇದಿಯಾದಾಗ ಈ ಅಪಾಯ ಹೆಚ್ಚು. ರಕ್ತದೊತ್ತಡಕ್ಕೆ ಕೊಡುವ ಅಮ್ಲೋಡಿಪಿನ್ ತಾನೇ ಕಾಲು ಬಾವು ತರಬಲ್ಲದು. ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ 1785ರಲ್ಲಿ ವಿವರಿಸಿದ ಡಿಜಿಟಾಲಿಸ್ ಗಿಡದ ವಂಶದ ಡಿಗಾಕ್ಸಿನ್ ಇಂದಿಗೂ ಬಳಕೆಯಲ್ಲಿದೆ. ಮೂತ್ರಪಿಂಡ ಕುಂದಿದವರಲ್ಲಿ ಅದು ರಕ್ತದಲ್ಲಿ ಹೆಚ್ಚಾಗಿ ಉಳಿದು ಹಸಿವು ಕೆಡಿಸುತ್ತದೆ, ಓಕರಿಕೆ ತರುತ್ತದೆ, ನೋಟಕ್ಕೆ ಹಳದಿ ಛಾಯೆ ಹಚ್ಚುತ್ತದೆ.

ಮೆಡಿಕಲ್ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಂಡ ಡೈಕ್ಲೋಫಿನ್ಯಾಕ್, ಐಬುಪ್ರೊಫೆನ್‌ನಂಥ ನೋವಿನ ಗುಳಿಗೆಗಳು ದೇಹದಲ್ಲಿ ಉಪ್ಪು ನೀರನ್ನು ಹಿಡಿದಿಟ್ಟು ಹತೋಟಿಯಲ್ಲಿದ್ದ ಕಾಯಿಲೆಯನ್ನು ಕೆದಕುತ್ತವೆ. ಹಾಗೆಂದು ಹೃದಯದ ಮಾತ್ರೆಗಳನ್ನು ಮನೆಯಲ್ಲೇ ನಿಲ್ಲಿಸುವುದೂ ಅಷ್ಟೇ ಅಪಾಯ.

ಜೊತೆಗಿರುವ ರೋಗಗಳು

ರಕ್ತಹೀನತೆ, ಕಬ್ಬಿಣದ ಕೊರತೆ, ಥೈರಾಯ್ಡ್ ದೋಷ, ಮೂತ್ರಪಿಂಡದ ಕುಂದು, ಶ್ವಾಸಕೋಶದ ರೋಗ, ಖಿನ್ನತೆ ಇವೂ ಸುಸ್ತು, ದಮ್ಮು ತರುತ್ತವೆ. ನ್ಯುಮೋನಿಯಾ, ಮೂತ್ರದ ಸೋಂಕು ಮುದುಕರಲ್ಲಿ ಜ್ವರವಿಲ್ಲದೆಯೂ ಬರಬಹುದು. ಎರಡೂ ಕೈ ಜೋಮು ಹಿಡಿದ ಇತಿಹಾಸವಿದ್ದು, ಹೃದಯದ ಗೋಡೆ ದಪ್ಪಗಾಗಿದ್ದರೆ ಅಮಿಲಾಯ್ಡ್ ಎಂಬ ಪ್ರೋಟೀನು ಕೂತಿರುವ ಶಂಕೆ ಬರಬೇಕು.

ಪರೀಕ್ಷೆ

ಇಸಿಜಿ, ಎಕೋ, ಎದೆಯ ಎಕ್ಸರೇ, ಹಿಮೋಗ್ಲೋಬಿನ್, ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಸಿಯಂ, ಥೈರಾಯ್ಡ್ ಪರೀಕ್ಷೆಗಳು ಆಧಾರ. ಎನ್‌ಟಿ-ಪ್ರೊಬಿಎನ್‌ಪಿ ಎಂಬ ರಕ್ತಪರೀಕ್ಷೆಯ ಫಲ, ತುರ್ತು ಸ್ಥಿತಿಯಲ್ಲಿಲ್ಲದವರಲ್ಲಿ, ಮಿಲಿಲೀಟರಿಗೆ 125 ಪಿಕೋಗ್ರಾಂಗಿಂತ ಕಡಿಮೆಯಿದ್ದರೆ ಹೃದಯ ವೈಫಲ್ಯದ ಸಂಭವ ಕಡಿಮೆ. ವಯಸ್ಸು, ಮೂತ್ರಪಿಂಡದ ಕುಂದು ಆ ಅಂಕಿಯನ್ನು ಏರಿಸುತ್ತವೆ, ಬೊಜ್ಜು ಇಳಿಸುತ್ತದೆ.

ಮನೆಯ ನಿಗಾ

ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ತಿನ್ನುವ ಮೊದಲು, ಅದೇ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಬೇಕು. ಮೂರು ದಿನದಲ್ಲಿ 2 ಕಿಲೋಗಿಂತ ಹೆಚ್ಚು ಏರಿದರೆ ದೇಹದಲ್ಲಿ ನೀರು ಸೇರುತ್ತಿದೆ ಎಂದರ್ಥ, ವೈದ್ಯರಿಗೆ ತಿಳಿಸಬೇಕು. ಜೋಳದ ರೊಟ್ಟಿಗೆ ಸಾಮಾನ್ಯವಾಗಿ ಉಪ್ಪು ಹಾಕುವುದಿಲ್ಲ. ಉಪ್ಪು ಒಳಹೋಗುವುದು ಅದರ ಜೊತೆಗಿನ ಶೇಂಗಾ ಹಿಂಡಿ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳಿಂದ. ಗ್ಯಾಸಿಗೆಂದು ನೀರಲ್ಲಿ ಕದಡಿ ಕುಡಿಯುವ ನೊರೆಪುಡಿಯಲ್ಲೂ ಸೋಡಿಯಂ ಇದೆ. ‘ಕಡಿಮೆ ಸೋಡಿಯಂ’ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುವುದರಿಂದ, ರಕ್ತದಲ್ಲಿ ಅದನ್ನು ಏರಿಸುವ ಸ್ಪೈರನೊಲ್ಯಾಕ್ಟೋನ್ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಅದನ್ನು ಬಳಸಬಾರದು.

ಚಿಕಿತ್ಸೆಯ ನೆಲೆಗಳು

ಹುಮನಾಬಾದ್, ಬಸವಕಲ್ಯಾಣಗಳ ತಾಲ್ಲೂಕು ಆಸ್ಪತ್ರೆಗಳ ಆಚೆಗೆ ಬೀದರಿನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೂ (ಬ್ರಿಮ್ಸ್), ಹುಮನಾಬಾದಿನಿಂದ ಸುಮಾರು 60 ಕಿ.ಮೀ. ದೂರದ ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಶಾಖೆಯೂ ಇವೆ. ಆ ಶಾಖೆಯ 371 ಹಾಸಿಗೆಗಳ ಹೊಸ ಕಟ್ಟಡ 2024ರ ಡಿಸೆಂಬರಿನಲ್ಲಿ ಉದ್ಘಾಟನೆಯಾಯಿತು. ಹೆದ್ದಾರಿ 65ರ ಎರಡು ದಿಕ್ಕಿನ ಸೋಲಾಪುರಕ್ಕೂ ಹೈದರಾಬಾದಿಗೂ ಹೋಗಿ ತೋರಿಸುವವರಿದ್ದಾರೆ. ಹೀಗೆ ಹಲವು ಊರುಗಳಲ್ಲಿ ತೋರಿಸಿದಾಗ ಒಂದೇ ಔಷಧಿ ಎರಡು ಹೆಸರಿನಲ್ಲಿ ಹೊಟ್ಟೆ ಸೇರುವುದುಂಟು. ಎಲ್ಲ ಚೀಟಿ, ಮಾತ್ರೆಗಳ ಪಟ್ಟಿ, ಹಳೆಯ ಎಕೋ ವರದಿ, ತೂಕದ ಪುಸ್ತಕವನ್ನು ಪ್ರತಿ ಭೇಟಿಗೂ ಒಯ್ಯಬೇಕು.

ಕೂತಲ್ಲೇ ಉಸಿರು ಕಟ್ಟಿದರೆ, ಗುಲಾಬಿ ನೊರೆಯ ಕಫ ಬಂದರೆ, ಎದೆನೋವಾದರೆ, ಎಚ್ಚರ ತಪ್ಪಿದರೆ, ಇದ್ದಕ್ಕಿದ್ದಂತೆ ಗೊಂದಲ ಶುರುವಾದರೆ ಕಾಯುವಂತಿಲ್ಲ. 108ಕ್ಕೆ ಕರೆ ಮಾಡಬೇಕು. ಎಚ್ಚರವಿದ್ದು ದಮ್ಮು ಹತ್ತಿದವರನ್ನು ಅಂಗಾತ ಮಲಗಿಸದೆ, ಬೆನ್ನಿಗೆ ಆಸರೆ ಕೊಟ್ಟು ಕೂರಿಸಿಯೇ ಸಾಗಿಸಬೇಕು.